ಗೊಟ್ಟದ ಗೀರು

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹೊನ್ನಕ್ಕ ಕುರಿಗಾರರ ವಾಟ್ಸಪ್ ಗುಂಪಿನಲ್ಲಿ ಒಂದು ಎಚ್ಚರಿಕೆ ಬರೆದಳು. ನಾಲ್ಕು ಗಂಟೆಗೆ ಗುಂಪಿನ ಅಡ್ಮಿನ್ ರುದ್ರಮುನಿ ಮೇಷ್ಟ್ರು ಅದನ್ನು ಅಳಿಸಿ ಹಾಕಿದರು. ಕಾರಣ ಕಾಗುಣಿತ ದೋಷ ಎಂದು ಕೆಳಗೆ ಬರೆದರು. ಬುಧವಾರ ಬೆಳಿಗ್ಗೆ ಪಾವಗಡ ತಾಲ್ಲೂಕಿನ ನಿಡುಗಲ್ಲಿನ ಕ್ಯಾತಣ್ಣನ ಮೂವತ್ತೆಂಟು ಕುರಿಗಳು ಸತ್ತವು.

ಹೊನ್ನಕ್ಕ ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯವಳು. ಅವರ ಹಟ್ಟಿಯಲ್ಲಿ ಕುರಿಯಿಲ್ಲದ ಮನೆಯಿಲ್ಲ, ಆಳಿಲ್ಲದ ಮನೆಗಳಿದ್ದಾವು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಮೂವತ್ತು ವರ್ಷ ಮರಿ ಹಿಂದೆ ಓಡಾಡಿ, ನಲವತ್ತು ದಾಟಿದ ಮೇಲೆ ಪಶುಸಖಿಯಾದಳು. ಹಟ್ಟಿಯಿಂದ ಹಟ್ಟಿಗೆ ತಿರುಗಬೇಕು, ಯಾವ ಮಂದೆಗೆ ಏನು ಕಾಯಿಲೆ ಬಿದ್ದಿದೆ ನೋಡಬೇಕು, ಡಾಕ್ಟರಿಗೆ ತಿಳಿಸಬೇಕು, ಕುರಿಗಾರರ ಸಂಘದಿಂದ ಬಂದ ಔಷಧವನ್ನು ಹಂಚಬೇಕು. ಈ ಕೆಲಸಕ್ಕೆಂದೇ ಅವಳ ಕೈಗೆ ಒಂದು ಫೋನು ಬಂದಿತ್ತು. ಅದರಲ್ಲಿ ಕನ್ನಡ ಒತ್ತುವುದನ್ನು ತಮ್ಮನ ಮಗಳು ಸ್ನೇಹಲತಾ ಹೇಳಿಕೊಟ್ಟಳು. ಒಂದೊಂದು ಅಕ್ಷರವನ್ನೂ ತಪ್ಪಿಸಿಕೊಂಡ ಮರಿಯನ್ನು ಹುಡುಕುವ ಹಾಗೆ ಹುಡುಕಿ ಹಿಡಿಯುತ್ತಿದ್ದಳು. ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಬೇಕು. ಆದರೂ ಬರೆಯುತ್ತಿದ್ದಳು. ಬಾಯಲ್ಲಿ ಹೇಗೆ ಬರುತ್ತದೋ ಹಾಗೆಯೇ ಬರೆಯುತ್ತಿದ್ದಳು.

ಆ ಮಂಗಳವಾರ ಸಂಘದ ಜೀಪು ಸುತ್ತಿನ ನಾಲ್ಕು ತಾಲ್ಲೂಕಿಗೆ ಜಂತುಹುಳದ ಔಷಧ ಹಂಚುತ್ತ ಬಂತು. ಗೌಡಗೆರೆಯ ಪಾಲಿನ ಕ್ಯಾನುಗಳನ್ನು ಹೊನ್ನಕ್ಕನ ಜಗುಲಿಯ ಮೇಲೆ ಇಳಿಸಿ ಹೋಯಿತು. ಅವಳು ಒಂದರ ಮುಚ್ಚಳ ತೆಗೆದು ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡಳು. ಪ್ರತಿಸಲದ ಔಷಧ ಮಜ್ಜಿಗೆಯಂತೆ ತೆಳ್ಳಗೆ, ಬೆಳ್ಳಗೆ. ಇದು ಹರಳೆಣ್ಣೆಯ ಹಾಗೆ ಗಟ್ಟಿ. ಕ್ಯಾನಿನ ಮೇಲಿನ ಚೀಟಿಯಲ್ಲಿ ಕುರಿಯ ಚಿತ್ರ ಇರಲಿಲ್ಲ. ಕೊಂಬಿರುವ ಹಸು ಇತ್ತು.

ಈ ಸೀಮೆಯ ಕುರಿಗಾರರು ಔಷಧವನ್ನು ಮಿಲಿಲೀಟರಿನಲ್ಲಿ ಅಳೆಯುವುದಿಲ್ಲ. ಒಬ್ಬೊಬ್ಬರ ಮನೆಯಲ್ಲೂ ಒಂದು ಬಿದಿರಿನ ಗೊಟ್ಟ ಇರುತ್ತದೆ, ಒಂದು ತುದಿ ಓರೆಯಾಗಿ ಕೊಯ್ದದ್ದು. ಒಳಮೈಯಲ್ಲಿ ಒಂದು ಗೀರು. ಆ ಗೀರು ಮುಟ್ಟುವಷ್ಟು ಔಷಧ ಹೊಯ್ದು, ಕುರಿಯ ಕಟಬಾಯಿಗೆ ತುದಿ ಇಟ್ಟು, ಕತ್ತೆತ್ತಿ ಕುಡಿಸಿದರೆ ಆಯಿತು. ತಾತ ಕೊಯ್ದ ಗೊಟ್ಟದಲ್ಲೇ ಮೊಮ್ಮಗನೂ ಕುಡಿಸುತ್ತಾನೆ. ತಂದ ಔಷಧವನ್ನು ಇಟ್ಟುಕೊಂಡರೆ ಸತ್ವ ಹೋಗುತ್ತದೆ ಎಂಬ ನಂಬಿಕೆ ಬೇರೆ. ಇವತ್ತು ಬಂದದ್ದನ್ನು ನಾಳೆ ಬೆಳಿಗ್ಗೆ, ಮಂದೆ ಮೇಯಲು ಹೊರಡುವ ಮೊದಲು, ಬರಿಹೊಟ್ಟೆಗೆ ಕುಡಿಸಿಯೇ ಬಿಡಬೇಕು.

ಹೊನ್ನಕ್ಕ ಚೀಟಿಯ ಫೋಟೋ ತೆಗೆದು ಶಿರಾದ ಪಶುವೈದ್ಯೆ ಬಿಂದುಶ್ರೀಗೆ ಕಳಿಸಿದಳು. ಅವರು ತುಮಕೂರಿನ ಮೀಟಿಂಗಿನಲ್ಲಿದ್ದರು. ಎರಡೇ ನಿಮಿಷಕ್ಕೆ ಹೊರಗೆ ಬಂದು ಫೋನು ಮಾಡಿದರು.

“ಹೊನ್ನಕ್ಕ, ಇದು ದನಗಳದ್ದು. ಐದು ಪಟ್ಟು ಸ್ಟ್ರಾಂಗು. ಗೊಟ್ಟದಲ್ಲಿ ಕುಡಿಸಿದ್ರೆ ಕುರಿ ಉಳಿಯಲ್ಲ. ಯಾರೂ ಮುಟ್ಟಬಾರದು ಅಂತ ಈಗಲೇ ಗುಂಪಿಗೆ ಹಾಕಿ. ನಾನು ಆ ಗುಂಪಲ್ಲಿಲ್ಲ. ಸಂಘದ ಅಧ್ಯಕ್ಷರಿಗೆ ಮಾಡ್ತಿದೀನಿ, ಫೋನ್ ಎತ್ತುತಾ ಇಲ್ಲ.”

ಹೊನ್ನಕ್ಕ ಜಗುಲಿಯ ಕಂಬಕ್ಕೆ ಒರಗಿ ಕೂತು ಬರೆದಳು:

“ಎಲ್ರುಗು ನಮಸ್ಕಾರ. ಇವತ್ತು ಸಂಗದಿಂದ ಕೊಟ್ಟಿರ ಜಂತಿನ ಔಸದಿ ದನದ್ದು. ಕುರಿದಲ್ಲ. ಬಾಳ ಗಟ್ಟಿ ಐತೆ. ಗೊಟ್ಟದಾಗೆ ಕುಡುಸ್ ಬ್ಯಾಡಿ ಕುರಿ ಸಾಯ್ತವೆ. ಡಾಕ್ಟ್ರು ಮೇಡಮ್ ಏಳವ್ರೆ. ಯಾರು ಆಕ್ ಬ್ಯಾಡಿ. ಇಂತಿ ಹೊನ್ನಕ್ಕ ಪಸುಸಕಿ.”

ಗುಂಪಿನ ಹೆಸರು ‘ಕುರಿಗಾರರ ಬಳಗ’. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ನಾನೂರು ಜನ ಅದರಲ್ಲಿದ್ದರು. ಕುರಿ ಕಾಯುವವರಿದ್ದರು, ಕುರಿ ಕಾಯಿಸುವವರೂ ಇದ್ದರು. ಅಡ್ಮಿನ್ ರುದ್ರಮುನಿಯವರು ಮಧುಗಿರಿಯ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಸಂಘದ ಕಾಗದಪತ್ರ ಬರೆದುಕೊಡುತ್ತಿದ್ದುದರಿಂದ ಗುಂಪನ್ನೂ ಅವರ ಕೈಗೇ ಕೊಟ್ಟಿದ್ದರು. ದಿನಾ ಬೆಳಿಗ್ಗೆ ‘ಇಂದಿನ ತಪ್ಪು–ಒಪ್ಪು’ ಎಂದು ಎರಡು ಪದ ಹಾಕುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಒತ್ತಕ್ಷರ ತಪ್ಪಿದರೆ ಅವರಿಗೆ ನಿಜವಾಗಿಯೂ ನೋವಾಗುತ್ತಿತ್ತು.

“ಸಹೋದರಿ, ಔಸದಿ ಅಲ್ಲ, ಔಷಧ,” ಎಂದು ಅವರ ಉತ್ತರ ಬಂತು. “ಸಂಗ ಅಲ್ಲ, ಸಂಘ. ಪಸುಸಕಿ ಅಲ್ಲ, ಪಶುಸಖಿ. ತಮ್ಮ ಹುದ್ದೆಯ ಹೆಸರನ್ನಾದರೂ ಸರಿಯಾಗಿ ಬರೆಯಬಾರದೆ?”

ಕೊಳಾಲದ ರೇಣುಕಯ್ಯ ಅದಕ್ಕೇ ಕಾದಿದ್ದವನಂತೆ ಬಿದ್ದ. ಅವನಿಗೆ ಕೊರಟಗೆರೆಯಲ್ಲಿ ನೌಕರಿ, ಊರಲ್ಲಿ ಕೂಲಿಯವರು ಕಾಯುವ ಮಂದೆ. “ಮೇಷ್ಟ್ರೇ, ‘ಆಕ್ ಬ್ಯಾಡಿ’ ಅಂದ್ರೆ ಯಾವ ದೇಶದ ಬಾಡಿ? ಗೂಗಲ್‌ಗೂ ಗೊತ್ತಿಲ್ಲ.” ಹಿಂದೆಯೇ ಕಣ್ಣೀರು ಬರುವಂತೆ ನಗುವ ಮುಖಗಳು ಸಾಲುಸಾಲಾಗಿ ಬಂದವು.

ಗೌಡಗೆರೆಯ ಅಂಜಿನಮೂರ್ತಿ ಹೊನ್ನಕ್ಕನ ದಾಯಾದಿ, ಮೂಗಿನ ತುದಿಯಲ್ಲಿ ಸಿಟ್ಟು. “ಲೇ ರೇಣುಕ, ನಮ್ಮಕ್ಕ ನಿಮ್ಮನೆ ಕುರಿ ಹೆರಿಗೆ ಮಾಡ್ಸುವಾಗ ಕಾಗುಣಿತ ಕೇಳಿದ್ಯೇನ್ಲಾ?” ಎಂದ.

“ಭಾಷೆ ಎಂದರೆ ಸಂಸ್ಕಾರ. ಏಕವಚನ ಬೇಡ,” ಎಂದರು ಮೇಷ್ಟ್ರು.

“ಔಷಧ ಅಲ್ಲ ಸಾರ್, ಔಷಧಿನೇ ಸರಿ. ಅಂಗಡಿ ಬೋರ್ಡು ನೋಡಿ,” ಎಂದು ಇನ್ಯಾರೋ ಹಾಕಿದರು.

“ಬೋರ್ಡು ಬರೆಯುವವನು ಪಂಡಿತನಲ್ಲ. ಔಷಧಿ ಎಂದರೆ ಗಿಡಮೂಲಿಕೆ. ಅದರಿಂದ ಮಾಡಿದ್ದು ಔಷಧ.”

ಅಲ್ಲಿಂದ ಅದು ಹೊನ್ನಕ್ಕನ ಕೈ ಬಿಟ್ಟು ಹೋಯಿತು. ನಿಘಂಟಿನ ಪುಟದ ಫೋಟೋ ಬಂತು. ಹಕಾರ ಬಿಟ್ಟು ಮಾತಾಡುವವರ ಊರುಗಳ ಪಟ್ಟಿ ಬಂತು. ಯಾರದೋ ಜಾತಿಯ ಮಾತು ಬಂದು, ಇನ್ಯಾರೋ ಅದಕ್ಕೆ ಬಯ್ದರು. ನೂರಾ ಹದಿನೇಳು ಸಂದೇಶಗಳು. ಅಷ್ಟರಲ್ಲಿ ಒಬ್ಬನೇ ಒಬ್ಬ ‘ಹೌದಾ, ದನದ್ದಾ?’ ಎಂದು ಕೇಳಲಿಲ್ಲ. ತಿದ್ದುವುದಕ್ಕೆ ಬಂದವರಿಗೆ ಓದುವುದಕ್ಕೆ ಪುರುಸೊತ್ತಿರಲಿಲ್ಲ.

ನಾಲ್ಕಕ್ಕೆ ಮೇಷ್ಟ್ರು ಬರೆದರು: “ಸಹೋದರಿಯವರ ಸಂದೇಶವನ್ನು ಕಾಗುಣಿತ ದೋಷದ ಕಾರಣ ತೆಗೆದಿದ್ದೇನೆ. ತಿದ್ದಿ, ಶುದ್ಧವಾಗಿ ಬರೆದು ಮತ್ತೆ ಹಾಕಲಿ. ನಮ್ಮ ಬಳಗದ ಗೌರವ ಉಳಿಯಲಿ.”

ಹೊನ್ನಕ್ಕನ ಕಿವಿ ಬಿಸಿಯಾಯಿತು. ಐದನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ದಿನದ ಹಾಗೆ, ಯಾರೂ ಇಲ್ಲದ ಜಗುಲಿಯಲ್ಲಿ ತಲೆ ತಗ್ಗಿಸಿ ಕೂತಳು. ಆ ಗಳಿಗೆಯಲ್ಲಿ ಅವಳು ಮಾಡಬಹುದಾದದ್ದು ಬಹಳ ಇತ್ತು. ಹಟ್ಟಿಹಟ್ಟಿಗೆ ಫೋನು ಮಾಡಬಹುದಿತ್ತು. ಪಾವಗಡದ ಬಸ್ಸು ಹತ್ತಬಹುದಿತ್ತು. ಅವಳು ಅದೇನೂ ಮಾಡಲಿಲ್ಲ. ತಿದ್ದಿ ಬರೆಯಿರಿ ಎಂದು ಮೇಷ್ಟ್ರು ಹೇಳಿದ್ದರು, ತಿದ್ದಲು ಕೂತಳು.

ಐದು ಗಂಟೆಗೆ ಸ್ನೇಹಲತಾ ಕಾಲೇಜಿನಿಂದ ಬಂದಳು. “ಏನತ್ತೆ, ಅಳ್ತಿದ್ದೀಯಾ?”

“ಇಲ್ಲ ಕಣೇ, ಹೊಗೆ. ಬಾ ಇಲ್ಲಿ. ಈ ‘ಸಕಿ’ಗೆ ಯಾವ ಖ ಆಕ್ಬೇಕು?”

“ಎರಡ್ನೇ ಖ. ಮಹಾಪ್ರಾಣ.”

“ಶಾಗೆ?”

“ಮೂರು ಶ ಐತೆ ಅತ್ತೆ. ಔಷಧದ್ದು ಹೊಟ್ಟೆ ಸೀಳಿರೋದು. ತಡಿ, ನಾನೇ ಒತ್ತುತೀನಿ.”

“ಬ್ಯಾಡ. ನಾನೇ ಬರೀತೀನಿ. ಅವ್ರು ನನ್ನ ಕೇಳವ್ರೆ, ನಿನ್ನಲ್ಲ.”

ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮೂರು ಸಲ ಬರೆದಳು. ಸ್ನೇಹಲತಾ ತೋರಿಸಿದ ಕಡೆ ಒತ್ತು ಕೊಟ್ಟಳು, ಹೊಟ್ಟೆ ಸೀಳಿದಳು, ‘ಏಳವ್ರೆ’ ಹೊಡೆದು ‘ಹೇಳಿದ್ದಾರೆ’ ಮಾಡಿದಳು. ಅದನ್ನು ನೋಡಿಕೊಂಡು ಫೋನಿನಲ್ಲಿ ಒಂದೊಂದಾಗಿ ಒತ್ತಿದಳು. ದೀಪ ಹಚ್ಚುವ ಹೊತ್ತಿಗೆ ಒಂದು ತಪ್ಪೂ ಇಲ್ಲದ ನಾಲ್ಕು ಸಾಲು ತಯಾರಾಯಿತು. ಎಷ್ಟು ಚಂದ ಕಾಣುತ್ತಿತ್ತೆಂದರೆ ಒಂದು ಗಳಿಗೆ ಅವಳಿಗೆ ಖುಷಿಯೂ ಆಯಿತು. ಆ ಖುಷಿಯನ್ನು ಮುಂದೆ ಅವಳು ಯಾರಿಗೂ ಹೇಳಲಿಲ್ಲ, ತನ್ನನ್ನು ತಾನು ಕ್ಷಮಿಸಲೂ ಇಲ್ಲ.

ಕಳಿಸಲು ಹೋದರೆ ಬರೆಯುವ ಜಾಗವೇ ಇರಲಿಲ್ಲ. ‘ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು’ ಎಂದಿತ್ತು. ಬಯ್ದಾಟ ಹೆಚ್ಚಾಯಿತೆಂದು ಮೇಷ್ಟ್ರು ಮರುದಿನದವರೆಗೆ ಗುಂಪನ್ನು ಮುಚ್ಚಿದ್ದರು. ಅವರಿಗೆ ಫೋನು ಮಾಡಿದಳು. ಸ್ವಿಚ್ ಆಫ್.

ಆಗ ಎದ್ದಳು. ತನ್ನ ಹತ್ತಿರ ನಂಬರು ಇದ್ದವರಿಗೆಲ್ಲ ಫೋನು ಮಾಡಿದಳು. ಅಂಜಿನಮೂರ್ತಿ ಬೈಕಿನಲ್ಲಿ ಹತ್ತಿರದ ಹಟ್ಟಿಗಳಿಗೆ ಓಡಿದ. ಗೌಡಗೆರೆ ಸುತ್ತಿನ ಹನ್ನೊಂದು ಮಂದೆ ಉಳಿದವು. ಮಿಕ್ಕ ತಾಲ್ಲೂಕಿನವರು, ಅದರಲ್ಲೂ ಪಾವಗಡ ಕಡೆಯವರು, ಅವಳಿಗೆ ಗುಂಪಿನಲ್ಲಿ ಬರೀ ನಂಬರುಗಳು. ಯಾವುದು ಯಾರದೆಂದು ಗೊತ್ತಿರಲಿಲ್ಲ. ಒಂದೊಂದಕ್ಕೂ ಮಾಡುತ್ತಾ ಹೋದಳು. ಕೆಲವರು ಎತ್ತಿದರು, ತಮ್ಮ ಸುತ್ತಮುತ್ತಲ ಹಟ್ಟಿಗಳಿಗೂ ಸುದ್ದಿ ಮುಟ್ಟಿಸಿದರು. ಬಯಲಲ್ಲಿ ಮಂದೆ ಬಿಟ್ಟುಕೊಂಡು ಮಲಗುವವರ ಫೋನುಗಳು ಆ ಹೊತ್ತಿಗೆ ಚಾರ್ಜು ಮುಗಿದು ಸತ್ತಿದ್ದವು.

ಮರುದಿನ ಮೊದಲ ಬಸ್ಸಿಗೆ, ಪಾವಗಡ ಕಡೆ ಫೋನು ಸಿಗದವರನ್ನು ಹುಡುಕಿಕೊಂಡು ಹೊರಟು, ಅವಳು ನಿಡುಗಲ್ ಮುಟ್ಟಿದಾಗ ಬಿಸಿಲು ಏರಿತ್ತು. ಬೆಟ್ಟದ ಬುಡದ ಶೇಂಗಾ ಹೊಲದಲ್ಲಿ ಕುರಿಗಳು ಜೊಲ್ಲು ಸುರಿಸಿ, ಕಾಲು ಸೆಟೆದು ಬಿದ್ದಿದ್ದವು. ಅರವತ್ತು ದಾಟಿದ ಕ್ಯಾತಣ್ಣ ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮರಿ ನಡುಗುತ್ತಿತ್ತು. ಪಕ್ಕದಲ್ಲಿ ಗೊಟ್ಟ ಬಿದ್ದಿತ್ತು.

ತಾನು ಯಾರೆಂದು ಹೇಳಿದಳು. ಅವನು ತಲೆಯೆತ್ತಿದ.

“ನಿನ್ನೆ ಫೋನು ಒಂದೇ ಸಮ ಟಿಣ್ ಟಿಣ್ ಅಂತಿತ್ತಮ್ಮಾ. ನಂಗೆ ಚದುವು ರಾದು, ಓದಾಕ್ ಬರಲ್ಲ. ಅಂಗಡಿತಾವ ಒಂದು ಹುಡುಗಿಗೆ ತೋರ್ಸಿದೆ. ‘ಏನೂ ಇಲ್ಲ ತಾತಾ, ಔಷಧಾನೋ ಔಷಧಿನೋ ಅಂತ ಕಿತ್ತಾಡ್ತಾವ್ರೆ’ ಅಂದ್ಳು. ನಗಾಡ್ಕಂಡು ಬಂದ್ಬುಟ್ಟೆ.”

“ಅದ್ರ ಮ್ಯಾಲೆ ನಾನು ಬರ್ದಿದ್ದೆ ಕಣಣ್ಣಾ. ಅಳಿಸ್ಬುಟ್ರು.”

“ಏಮನಿ? ಏನಂತ ಬರ್ದಿದ್ದೆ?”

ಅವಳು ಹೇಳಿದಳು. ಬರೆದಿದ್ದ ಹಾಗೆಯೇ, ಅದೇ ಮಾತಿನಲ್ಲಿ. ಬಾಳ ಗಟ್ಟಿ ಐತೆ, ಗೊಟ್ಟದಾಗೆ ಕುಡುಸ್ ಬ್ಯಾಡಿ ಕುರಿ ಸಾಯ್ತವೆ.

ಕ್ಯಾತಣ್ಣ ಮರಿಯ ಬಾಯಿಯ ಜೊಲ್ಲನ್ನು ಟವೆಲಿನಲ್ಲಿ ಒರೆಸಿದ. ಆಮೇಲೆ, “ಅರ್ಥ ಆಯ್ತದಲ್ಲಮ್ಮಾ,” ಎಂದ. “ಇದ್ರಾಗೆ ಅರ್ಥ ಆಗ್ದೇ ಇರಾದು ಏನೈತೆ?”

ಅವನು ಗೊಟ್ಟ ಎತ್ತಿಕೊಂಡು, ಒಳಗಿನ ಗೀರನ್ನು ಹೆಬ್ಬೆರಳಲ್ಲಿ ಸವರಿ, “ಇದು ನಮ್ಮ ತಾತ ಕೊರ್ದಿದ್ದು. ಯಾವತ್ತೂ ಮೋಸ ಮಾಡಿರ್ಲಿಲ್ಲ,” ಎಂದ. ಅಷ್ಟರಲ್ಲಿ ಮರಿಯ ನಡುಕ ನಿಂತಿತ್ತು.

ಶುಕ್ರವಾರ ಶಿರಾದ ಸಂಘದ ಆಫೀಸಿನಿಂದ ಅವಳಿಗೆ ಕರೆ ಬಂತು. ಪಶುಪಾಲನಾ ಇಲಾಖೆಯ ಮೇಲಿನವರು ಡಾಕ್ಟರ್ ಬಿಂದುಶ್ರೀಯಿಂದ ವರದಿ ಕೇಳಿದ್ದರು. ಡಾಕ್ಟರು ಹೊನ್ನಕ್ಕನ ಹೇಳಿಕೆಯನ್ನು ಬರವಣಿಗೆಯಲ್ಲಿ ಕೇಳಿದ್ದರು. ಹನ್ನೊಂದೂವರೆಗೆ ಪಶು ಆಸ್ಪತ್ರೆಗೆ ಹೋಗಿ ಕೊಡಬೇಕಿತ್ತು. ಅದಕ್ಕೆ ಮೊದಲು ಹತ್ತು ಗಂಟೆಗೆ ಬಂದು ಹೋಗು ಎಂದು ಸಂಘದ ಅಧ್ಯಕ್ಷ ವೃಷಭೇಂದ್ರಪ್ಪ ಹೇಳಿ ಕಳಿಸಿದ್ದ. ದನದ ಔಷಧವನ್ನು ಕೊಂಡವನೂ ಅವನೇ, ಯಾರಿಗೂ ಒಂದು ಮಾತು ಹೇಳದೆ ಕುರಿಗಾರರಿಗೆ ಹಂಚಿಸಿದವನೂ ಅವನೇ.

“ಬಾರಮ್ಮ ಹೊನ್ನಕ್ಕ, ಕೂತ್ಕೋ. ಕಾಫಿ ತರುಸ್ಲಾ?”

“ಬ್ಯಾಡಿ ಬುಡಿ.”

ರುದ್ರಮುನಿ ಮೇಷ್ಟ್ರು ಕಿಟಕಿಯ ಪಕ್ಕ ಕೂತಿದ್ದರು. ಮೂರು ದಿನದಲ್ಲಿ ಸೊರಗಿದ ಹಾಗೆ ಕಂಡರು. ಅಧ್ಯಕ್ಷ ಒಂದು ಹಾಳೆಯನ್ನು ಅವಳ ಕಡೆ ತಿರುಗಿಸಿ ಇಟ್ಟ. ದುಂಡಗಿನ ಅಕ್ಷರ, ಮೇಷ್ಟ್ರದೇ.

ಅವಳು ಬೆರಳಿಟ್ಟು ಓದಿದಳು. ‘ಸದರಿ ದಿನಾಂಕದಂದು ನಾನು ಹಾಕಿದ ಸಂದೇಶವು ನನ್ನ ಭಾಷಾಜ್ಞಾನದ ಕೊರತೆಯಿಂದಾಗಿ ಅಸ್ಪಷ್ಟವಾಗಿದ್ದು, ಓದುಗರಿಗೆ ಅರ್ಥವಾಗುವಂತಿರಲಿಲ್ಲ. ಇದರಿಂದ ಉಂಟಾದ ನಷ್ಟಕ್ಕೆ ಸಂಘವು ಹೊಣೆಯಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.’

ನಿಧಾನಕ್ಕೆ, ಎರಡು ಸಲ ಓದಿದಳು. ಒಂದು ಒತ್ತು ತಪ್ಪಿರಲಿಲ್ಲ. ಒಂದು ಹಕಾರ ಬಿದ್ದಿರಲಿಲ್ಲ. ಸಾಲುಗಳು ನೇಗಿಲ ಗೆರೆಯ ಹಾಗೆ ನೆಟ್ಟಗಿದ್ದವು. ಇಷ್ಟು ಶುದ್ಧವಾದ ಅಕ್ಷರದಲ್ಲಿ ಇಷ್ಟು ದೊಡ್ಡ ಸುಳ್ಳು ಹಿಡಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ತಪ್ಪು ಯಾರದು ಎಂಬ ಮಾತು ಬಂದಾಗಲೆಲ್ಲ ಬರೆಯಲು ಬಾರದವರ ಹೆಸರೇ ಮೊದಲು ಬರುತ್ತದೆ. ಆ ಕಾಗದ ಬರೆಯುವವರು ಬರೆಯಲು ಬಲ್ಲವರೇ ಆಗಿರುತ್ತಾರಲ್ಲ.

“ಮೇಷ್ಟ್ರೇ,” ಎಂದಳು. “ಆವತ್ತು ನಾನ್ ಬರ್ದಿದ್ದು ನಿಮಗೂ ಅರ್ಥ ಆಗ್ಲಿಲ್ವಾ?”

“ಈಗ ಅದೆಲ್ಲಾ ಯಾಕಮ್ಮ,” ಎಂದ ವೃಷಭೇಂದ್ರಪ್ಪ.

“ಮೇಷ್ಟ್ರನ್ನ ಕೇಳ್ತಿವ್ನಿ ಅಣ್ಣ. ನಿಡುಗಲ್ಲಿನ ಕ್ಯಾತಣ್ಣಂಗೆ ಒಂದಕ್ಷರ ಬರಲ್ಲ. ಬಾಯಾಗೆ ಹೇಳ್ದೆ, ಒಂದೇ ಸಲಕ್ಕೆ ಅರ್ಥ ಆಯ್ತು. ನಿಮಗೆ ಆಗ್ಲಿಲ್ವಾ?”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ.

“ಅರ್ಥ ನೋಡಲಿಲ್ಲಮ್ಮ,” ಎಂದರು. “ಅಕ್ಷರ ನೋಡಿದೆ.”

“ಮೇಷ್ಟ್ರೇ, ನೀವು ಸುಮ್ಮನಿರಿ. ನೋಡು ಹೊನ್ನಕ್ಕ, ನೀನು ನಮ್ಮೋಳು ಅಂತ ಹೇಳ್ತೀನಿ. ಒಂದು ಸೈನು ಹಾಕ್ಬುಡು, ಮುಗೀತು. ಇಲ್ಲಾ ಅಂದ್ರೆ ನಾಳೆಯಿಂದ ಪಶುಸಖಿ ಕೆಲಸಕ್ಕೆ ಬೇರೆಯವರನ್ನ ನೋಡ್ಬೇಕಾಗ್ತದೆ. ಸರಿಯಾಗಿ ಓದು ಬರಹ ಬರೋರು ಬೇಕು ಅಂತ ಬರ್ದುಬಿಟ್ರೆ ನಾವೇನು ಮಾಡಾಕಾಯ್ತದೆ?”

ಹೊನ್ನಕ್ಕ ಹಾಳೆಯನ್ನು ಮಗುಚಿದಳು. ಹಿಂಬದಿ ಖಾಲಿ ಇತ್ತು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಬರೆಯತೊಡಗಿದಳು. ಯಾವ ಖ, ಯಾವ ಶ ಎಂದು ಯಾರನ್ನೂ ಕೇಳಲಿಲ್ಲ. ಚೀಟಿಯ ಮೇಲೆ ಹಸು ಇದ್ದದ್ದು, ಡಾಕ್ಟ್ರು ಹೇಳಿದ್ದು, ತಾನು ಬರೆದದ್ದು, ಮೇಷ್ಟ್ರು ಅಳಿಸಿದ್ದು, ತಿದ್ದುತ್ತ ಕೂತು ತಾನು ಹೊತ್ತು ಕಳೆದದ್ದು, ಗುಂಪು ಮುಚ್ಚಿದ್ದು. ತನ್ನ ತಪ್ಪನ್ನೂ ಬಿಡಲಿಲ್ಲ. ಕೊನೆಗೆ ಮೂವತ್ತೆಂಟು ಕುರಿ, ಕ್ಯಾತಣ್ಣ, ನಿಡುಗಲ್ಲು ಎಂದು ಬರೆದು ಸೈನು ಹಾಕಿದಳು.

ವೃಷಭೇಂದ್ರಪ್ಪ ಕತ್ತು ಚಾಚಿ ನೋಡಿದ. ಮುಖ ಕಪ್ಪಾಯಿತು. ಆದರೂ ನಕ್ಕ. “ಇದನ್ನ ಮೇಲಕ್ಕೆ ಕಳುಸ್ತಾರಾ? ಸಾಲಿಗೆ ನಾಲ್ಕು ತಪ್ಪು! ತಾಲ್ಲೂಕಿನ ಮಾನ ಹೋಯ್ತದೆ. ಮೇಷ್ಟ್ರೇ, ತಗಳ್ಳಿ, ತಿದ್ದಿ. ತಿದ್ದುವಾಗ ಏನು ಉಳೀಬೇಕು ಏನು ಹೋಗ್ಬೇಕು ಅನ್ನೋದು ನಿಮಗೆ ಗೊತ್ತಲ್ಲ.”

ಮೇಷ್ಟ್ರು ಎದ್ದು ಬಂದರು. ಜೇಬಿನಲ್ಲಿ ಕೆಂಪು ಪೆನ್ನಿತ್ತು. ಅಧ್ಯಕ್ಷನ ಕಡೆ ನೋಡಲಿಲ್ಲ. ಅವಳ ಮುಂದೆ ಕೈ ಚಾಚಿ, ತಗ್ಗಿದ ದನಿಯಲ್ಲಿ ಹೇಳಿದರು: “ಕೊಡಮ್ಮ. ಒಂದು ಮಾತನ್ನೂ ತೆಗೆಯಲ್ಲ, ಆಣೆ. ಕಾಗುಣಿತ ಮಾತ್ರ ಸರಿ ಮಾಡ್ತೀನಿ. ನಿನ್ನ ಒಳ್ಳೇದಕ್ಕೇ. ಓದೋರು ನಿನ್ನನ್ನ ಹಗುರ ಮಾಡಬಾರದು.”

ಆ ದನಿಯಲ್ಲಿ ಮೋಸ ಇರಲಿಲ್ಲ. ಅದು ಅವಳಿಗೆ ಗೊತ್ತಾಯಿತು. ಹೊನ್ನಕ್ಕ ಹಾಳೆಯನ್ನು ನಾಲ್ಕಾಗಿ ಮಡಚಿ ಸೆರಗಿನ ಗಂಟಿಗೆ ಹಾಕಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು.

“ಬ್ಯಾಡಿ ಮೇಷ್ಟ್ರೇ. ಆವತ್ತು ತಿದ್ದುತಾ ಕುಂತ್ಕಂಡೆ. ಇದು ಇದ್ದಂಗೇ ಡಾಕ್ಟ್ರ ತಾವಕ್ಕೆ ಹೋಗ್ಲಿ.”

“ಲೇ ಹೊನ್ನಕ್ಕ,” ವೃಷಭೇಂದ್ರಪ್ಪ ಮೇಜು ಬಡಿದ. “ಹೇಳಿದ್ದು ಕೇಳು. ಕೊಡಿಲ್ಲಿ ಅದನ್ನ!”

“ಕೊಡಲ್ಲ,” ಎಂದು ಹೊನ್ನಕ್ಕ ಎದ್ದಳು.